ಒನಕೆ ಯಾವತ್ತೂ ನಿಲ್ಲುತ್ತದೆ

2025ರ ಸೆಪ್ಟೆಂಬರ್ 8, ಸೋಮವಾರ. ಹಿಂದಿನ ರಾತ್ರಿ ಪೂರ್ಣ ಚಂದ್ರಗ್ರಹಣ ಆಗಿತ್ತು. ಸಿಂಧನೂರಿನಲ್ಲಿ ನಾನು ಫಿಸಿಕ್ಸ್ ಹೇಳುವ ಕಾಲೇಜಿಗೆ ದ್ವಿತೀಯ ಪಿಯುಸಿಯ ಅರ್ಧ ಹುಡುಗರು ನಿದ್ದೆಗಣ್ಣಲ್ಲೇ ಬಂದಿದ್ದರು. ಅವತ್ತಿನ ಪಾಠ ಬೇರೆಯೇ ಇತ್ತು. ಆದರೂ ಇಂಥ ದಿನ ಬಿಡಬಾರದು ಅಂತ ಬೋರ್ಡಿನ ಮೇಲೆ ಮೂರು ದುಂಡು ಬರೆದೆ. ಸೂರ್ಯ, ಭೂಮಿ, ಚಂದ್ರ. ನೆರಳು ಎಲ್ಲಿ ಬೀಳುತ್ತದೆ, ನೆರಳೊಳಗೆ ಹೋದ ಚಂದ್ರ ಕಪ್ಪಾಗದೆ ತಾಮ್ರದ ಚೊಂಬಿನ ಬಣ್ಣಕ್ಕೆ ಯಾಕೆ ತಿರುಗುತ್ತಾನೆ ಅಂತ ಹೇಳಿದೆ. ಭೂಮಿಯ ಅಂಚಿನ ಗಾಳಿ ಸೂರ್ಯನ ಬೆಳಕನ್ನು ಬಾಗಿಸಿ ನೆರಳಿನೊಳಗೆ ಕಳಿಸುತ್ತದೆ. ನೀಲಿ ದಾರಿಯಲ್ಲೇ ಚೆದುರಿ ಹೋಗುತ್ತದೆ, ಕೆಂಪು ಚಂದ್ರನ ತನಕ ಮುಟ್ಟುತ್ತದೆ. ಅಂದರೆ ಆ ಹೊತ್ತಿಗೆ ಭೂಮಿಯ ಮೇಲೆ ಎಲ್ಲೆಲ್ಲಿ ಹೊತ್ತು ಹುಟ್ಟುತ್ತಿದೆಯೋ, ಎಲ್ಲೆಲ್ಲಿ ಮುಳುಗುತ್ತಿದೆಯೋ, ಅಷ್ಟೂ ಕೆಂಪು ಒಟ್ಟಿಗೆ ಚಂದ್ರನ ಮೇಲೆ. ಇದನ್ನು ಹೇಳುವಾಗ ಪ್ರತಿ ಸಲ ನನಗೇ ಒಂದು ಥರ ಆಗುತ್ತದೆ. ಹುಡುಗರಿಗೆ ಆಗುತ್ತದೋ ಇಲ್ಲವೋ.

ಬೆಲ್ ಹೊಡೆಯಿತು. ನಮ್ಮ ಮನೆ ಹಿಂದಿನ ಓಣಿಯ ಹುಡುಗನೊಬ್ಬ ಕೊನೇ ಬೆಂಚಿನಿಂದ ಎದ್ದು ಹತ್ತಿರ ಬಂದ.

"ಸರ್ರ, ಒಂದು ಕೇಳಲೇನ್ರಿ?"

"ಕೇಳಪ."

"ರಾತ್ರಿ ಒಂದೂವರಿಗೆ ನಿಮ್ಮ ಬಚ್ಚಲದಾಗ ನೀರು ಸುರುವೋ ಸಪ್ಪಳ ಕೇಳಿತ್ರಿ. ಮೊದ್ಲು ಅಜ್ಜಿಯವರು ಜಳಕ ಮಾಡಿದ್ರು. ಆಮ್ಯಾಲ ನೀವು ಮಾಡಿದ್ರಿ." ಸ್ವಲ್ಪ ತಡೆದು ಹೇಳಿದ: "ನೀವು ದೇವ್ರನ್ನ ನಂಬ್ತೀರೋ, ವಿಜ್ಞಾನ ನಂಬ್ತೀರೋ ಸರ್ರ?"

ಹೊರಗೆ ಹೊರಟಿದ್ದ ಹುಡುಗರೆಲ್ಲ ಬಾಗಿಲಲ್ಲೇ ನಿಂತರು. "ಅದು ಸಿಲಬಸ್‌ನಾಗ ಇಲ್ಲ, ಹೋಗು" ಅಂದೆ. ಎಲ್ಲರೂ ನಕ್ಕರು. ಅವನೂ ನಕ್ಕ. ಆದರೆ ನಕ್ಕ ರೀತಿ ನೋಡಿದರೆ ಉತ್ತರ ಸಿಕ್ಕಿತು ಅಂತ ಅವನಿಗೆ ಅನ್ನಿಸಿದಂತಿತ್ತು. ಯಾವ ಉತ್ತರ ಸಿಕ್ಕಿತು ಅಂತ ನನಗೆ ಗೊತ್ತಿಲ್ಲ. ಅವತ್ತಿನಿಂದ ತಲೆಯಲ್ಲಿ ಅದೇ ಕೊರೆಯುತ್ತಿದೆ.

ಜವಳಗೇರಾದ ಎರಡು ನಿಮಿಷ

ಗ್ರಹಣ ಅಂದರೆ ನಮ್ಮ ಮನೆಯಲ್ಲಿ ಮೊದಲು ಬರುವುದು 1980ರ ಮಾತು. ಆ ವರ್ಷ ಫೆಬ್ರವರಿ 16ರ ಮಧ್ಯಾಹ್ನ ಪೂರ್ತಿ ಸೂರ್ಯಗ್ರಹಣದ ನೆರಳು ಅಂಕೋಲಾ ಕಡೆಯಿಂದ ಹತ್ತಿ, ಹುಬ್ಬಳ್ಳಿ ಸೀಮೆ ದಾಟಿ, ನಮ್ಮ ರಾಯಚೂರು ಜಿಲ್ಲೆ ಮೇಲೆ ಹಾದು ಆಂಧ್ರಕ್ಕೆ ಹೋಯಿತು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ಅದನ್ನು ನೋಡಲು ನಮ್ಮ ತಾಲೂಕಿನ ಜವಳಗೇರಾದಲ್ಲಿ ಬಿಡಾರ ಹೂಡಿದ್ದರು. ಅಪ್ಪನಿಗೆ ಆಗ ಇಪ್ಪತ್ತು. ಬಿಡಾರಕ್ಕೆ ಚಕ್ಕಡಿಯಲ್ಲಿ ನೀರಿನ ಪೀಪಾಯಿ ಹೊಡೆಯುವ ಕೆಲಸ ಸಿಕ್ಕಿತ್ತು.

ಅಪ್ಪ ಇದನ್ನು ಎಷ್ಟು ಸಲ ಹೇಳಿದ್ದಾನೋ ಲೆಕ್ಕವಿಲ್ಲ, ಆದರೆ ಒಂದು ಸಲವೂ ಸೂರ್ಯನಿಂದ ಶುರು ಮಾಡಲಿಲ್ಲ. ಎತ್ತಿನಿಂದಲೇ ಶುರು. ಮೂರು ಗಂಟೆ ದಾಟಿದ ಮೇಲೆ ಬಿಸಿಲು ಇದ್ದರೂ ಇಲ್ಲದಂತೆ, ಹಳಸಿದ ಹಾಗೆ ಆಯಿತಂತೆ. ಜೋಳದ ಹೊಲದ ಗುಬ್ಬಿಗಳು ಒಂದೇ ಸಲ ಎದ್ದು ಬೇವಿನ ಮರಕ್ಕೆ ಹೋದವು. ಪಡುವಲ ದಿಕ್ಕಿನಿಂದ ನೆಲದ ಮೇಲೆ ನೆರಳು ಓಡಿ ಬಂತು. ಅದೇ ಹೊತ್ತಿಗೆ ಎತ್ತುಗಳು, ಸಂಜೆ ಆಯಿತಲ್ಲ ಅಂತ, ಚಕ್ಕಡಿ ಎಳೆದುಕೊಂಡು ಊರಿನ ದಾರಿ ಹಿಡಿದವು. ಪೂರ್ತಿ ಕತ್ತಲಾಗಿದ್ದು ಎರಡು ನಿಮಿಷದ ಮೇಲೆ ಸ್ವಲ್ಪ. "ಅದ್ರಾಗ ಅರ್ಧ ನಾನು ಎತ್ತಿನ ಹಿಂದ ಓಡೀನಿ" ಅನ್ನುತ್ತಿದ್ದ. ಹಗ್ಗ ಹಿಡಿದು ನಿಲ್ಲಿಸಿ ತಲೆ ಎತ್ತಿದಾಗ ಮೇಲೆ ಕರೀ ಬಿಲ್ಲೆ, ಅದರ ಸುತ್ತ ಬೆಳ್ಳಿ ಜಡೆ ಬಿಚ್ಚಿದ ಹಾಗೆ ಬೆಳಕು. ಹಗಲೊಳಗೆ ಚುಕ್ಕಿ. ಆಮೇಲೆ ಒಂದು ಕಡೆ ಮಾತ್ರ ಹರಳಿನ ಹಾಗೆ ಮಿಂಚಿ, ಎಲ್ಲ ಮೊದಲಿನಂತಾಯಿತು. ಊರಿನ ಕೋಳಿಗಳು ಎರಡನೇ ಸಲ ಕೂಗಿದವು.

ಆ ಬೆಳ್ಳಿ ಜಡೆಯನ್ನೇ ಕರೋನಾ ಅನ್ನುವುದು. (ರೋಗದ ಹೆಸರು ಅದರಿಂದ ಬಂತು ಅಂತ ಈಗ ಮಕ್ಕಳಿಗೆ ಹೇಳಬೇಕಾಗಿದೆ.) ಬೆಂಗಳೂರಿನವರು ಅಷ್ಟು ದೂರ ಬಂದಿದ್ದು ಅದಕ್ಕಾಗಿ. ಸೂರ್ಯನ ಮೈ ಸುಮಾರು 5,500 ಡಿಗ್ರಿ ಬಿಸಿ. ಅದರ ಸುತ್ತಲಿನ ಈ ಜಡೆ ಹತ್ತು ಲಕ್ಷ ಡಿಗ್ರಿಗೂ ಜಾಸ್ತಿ. ಒಲೆಗಿಂತ ಒಲೆಯ ಸುತ್ತಲಿನ ಗಾಳಿ ನೂರಾರು ಪಟ್ಟು ಸುಡುತ್ತದೆ ಅಂದ ಹಾಗೆ. ಅದು ಯಾಕೆ ಅನ್ನುವ ಪ್ರಶ್ನೆ ಇವತ್ತಿಗೂ ಪೂರ್ತಿ ಬಗೆಹರಿದಿಲ್ಲ. ನಮ್ಮ ಆದಿತ್ಯ ಎಲ್1 ನೌಕೆ ಕೂಡ ಅದರ ಹಿಂದೆಯೇ ಬಿದ್ದಿದೆ.

ಗ್ರಹಣ ಬಿಟ್ಟ ಮೇಲೆ ಅಪ್ಪ ಬಿಡಾರದ ಒಬ್ಬರನ್ನು ಕೇಳಿದನಂತೆ: "ಯಾವಾಗ ಹಿಡಿತೈತಿ, ಯಾವಾಗ ಬಿಡ್ತೈತಿ ಎಲ್ಲಾ ನಿಮಗ ಮೊದ್ಲೇ ಗೊತ್ತಿತ್ತಲ್ರಿ. ಮತ್ಯಾಕ ಬಂದ್ರಿ?" ಅವರು ನಕ್ಕು, "ನೋಡಬೇಕಲ್ಲಪ್ಪ" ಅಂದರಂತೆ. ಅಷ್ಟೇ. ಅಪ್ಪನಿಗೆ ಈ ಮಾತು ಬಹಳ ಹಿಡಿಸಿತ್ತು. ಜಾತ್ರೆಗೆ ಹೋಗುವವರೂ ಇದನ್ನೇ ಹೇಳುವುದು ಅನ್ನುತ್ತಿದ್ದ.

ಅದೇ ಹೊತ್ತಿಗೆ ಊರೊಳಗೆ ನನ್ನಜ್ಜಿ ಬಾಗಿಲು, ಕಿಟಕಿ ಎಲ್ಲ ಹಾಕಿ, ಕರುಗಳನ್ನೂ ಒಳಗೆ ಕಟ್ಟಿಕೊಂಡು ಕೂತಿದ್ದಳು. ನೀರಿನ ಕೊಡದ ಮೇಲೆ, ಹಾಲಿನ ಮೇಲೆ, ಉಪ್ಪಿನಕಾಯಿ ಜಾಡಿಯ ಮೇಲೆ ಕರಕಿ, ಅಂದರೆ ಗರಿಕೆ ಹುಲ್ಲು. ಪಡಸಾಲೆಯ ನಡುವೆ ಹಿತ್ತಾಳೆ ಪರಾತದಲ್ಲಿ ನೀರು. ನೀರಿನ ನಡುವೆ ಒನಕೆ, ಯಾರೂ ಹಿಡಿಯದೆ ನೆಟ್ಟಗೆ ನಿಂತಿದೆ. ಗ್ರಹಣ ಹಿಡಿದಾಗ ಮಾತ್ರ ಒನಕೆ ನಿಲ್ಲುತ್ತದೆ, ಬಿಟ್ಟ ಕೂಡಲೇ ಬೀಳುತ್ತದೆ ಅನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮಾತು. ಅಪ್ಪ ಹೊರಗೆ ಆಕಾಶ ನೋಡಿದ. ಅಜ್ಜಿ ಒಳಗೆ ಒನಕೆ ನೋಡಿದಳು. ಸಂಜೆ ಮನೆಗೆ ಬಂದ ಮಗನನ್ನು ಹಿತ್ತಲಲ್ಲಿ ನಿಲ್ಲಿಸಿ ನಾಲ್ಕು ಕೊಡ ನೀರು ಸುರುವಿಯೇ ಒಳಗೆ ಬಿಟ್ಟಳು.

ಎರಡೂವರೆ ಡಿಗ್ರಿ

2019ರ ಡಿಸೆಂಬರ್‌ನಲ್ಲಿ ಮತ್ತೊಂದು ಸೂರ್ಯಗ್ರಹಣ ಬರುವುದಿತ್ತು. 26ನೇ ತಾರೀಖು, ಕ್ರಿಸ್‌ಮಸ್ ಮರುದಿನ ಬೆಳಿಗ್ಗೆ. ಮಂಗಳೂರು ಕಡೆ ಬಳೆಯ ಹಾಗೆ ಕಾಣುತ್ತದೆ, ನಮ್ಮಲ್ಲಿ ಮುಕ್ಕಾಲು ಭಾಗ ಮುಚ್ಚುತ್ತದೆ. ಅದಕ್ಕೆ ಒಂದು ವಾರ ಮೊದಲು ಮನೆಯ ಅಟ್ಟದ ಮೇಲಿನ ಹಳೇ ಒನಕೆ ಇಳಿಸಿ ಬೈಕಿಗೆ ಕಟ್ಟಿಕೊಂಡು ಕಾಲೇಜಿಗೆ ಹೋದೆ. ದಾರಿಯಲ್ಲಿ ಎಲ್ಲರೂ ನೋಡಿದರು. ಕ್ಲಾಸಿನಲ್ಲಿ ನೆಲದ ಮೇಲೆ ನಿಲ್ಲಿಸಲು ಹೊರಟೆ. ಬಿತ್ತು. ಇನ್ನೊಮ್ಮೆ ಬಿತ್ತು. ಮೂರನೇ ಸಲ ಮುಂದಿನ ಬೆಂಚಿನ ಹುಡುಗಿಯ ಕಾಲಿಗೆ ಬೀಳುವುದು ತಪ್ಪಿತು. ಹಿಂದಿನಿಂದ ಯಾರೋ "ಇನ್ನಾ ಗ್ರಹಣ ಹಿಡದಿಲ್ಲಲ್ರಿ ಸರ್ರ" ಅಂದರು. ಏಳನೆಯದೋ ಎಂಟನೆಯದೋ ಸಲಕ್ಕೆ ನಿಂತಿತು. ಕೈ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದೆ. ಇಡೀ ಕ್ಲಾಸು ಉಸಿರು ಬಿಡದೆ ಕೂತಿತ್ತು.

ಆಮೇಲೆ ಲೆಕ್ಕ ಮಾಡಿಸಿದೆ. ಒನಕೆ ಸುಮಾರು ನಾಲ್ಕೂವರೆ ಅಡಿ ಉದ್ದ. ತೂಕದ ನಡು ಹೆಚ್ಚು ಕಡಿಮೆ ಅರ್ಧಕ್ಕೆ ಇದೆ ಅಂದುಕೊಳ್ಳಿ. ಬುಡ ಆರು ಸೆಂಟಿಮೀಟರ್ ಅಗಲ, ಕೆಳಗೆ ಕಬ್ಬಿಣದ ಬಳೆ ಇರುವುದರಿಂದ ಸಮತಟ್ಟು. ಹಾಗಾಗಿ ಎರಡೂವರೆ ಡಿಗ್ರಿ ಒಳಗೆ ವಾಲಿದರೆ ವಾಪಸ್ ನಿಲ್ಲುತ್ತದೆ, ಅದಕ್ಕಿಂತ ಜಾಸ್ತಿ ವಾಲಿದರೆ ಬೀಳುತ್ತದೆ. ಎರಡೂವರೆ ಡಿಗ್ರಿ ಬಹಳ ಕಡಿಮೆ. ಕೈಗೆ ತಾಳ್ಮೆ ಬೇಕು. ಗ್ರಹಣದ ದಿನ ಎಲ್ಲರೂ ತಾಳ್ಮೆಯಿಂದ ನಿಲ್ಲಿಸುತ್ತಾರೆ, ಉಳಿದ ದಿನ ಯಾರೂ ನಿಲ್ಲಿಸಲು ಹೋಗುವುದಿಲ್ಲ. ಇದಕ್ಕಿಂತ ಒಳ್ಳೆಯ ಪಾಠ ನಾನು ಮಾಡಿಲ್ಲ ಅಂತ ಇವತ್ತಿಗೂ ನನ್ನ ಅಭಿಪ್ರಾಯ.

ಸಂಜೆ ಅವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಗೆದ್ದು ಬಂದವನ ಹಾಗೆ ಹೇಳಿದೆ. "ಬೇ, ಇವತ್ತು ಗ್ರಹಣ ಇಲ್ಲ, ಏನಿಲ್ಲ. ಒನಕಿ ನಿಂತು ಬಿಡ್ತು ನೋಡು."

ಅವ್ವ ತಲೆ ಎತ್ತಲಿಲ್ಲ. "ನಿಲ್ತೈತಿ. ಯಾವತ್ತಿದ್ರೂ ನಿಲ್ತೈತಿ."

"ನಿಂಗ ಹೆಂಗ ಗೊತ್ತು?"

ರೊಟ್ಟಿ ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಹೇಳಿದಳು. ಮಸ್ಕಿ ಕಡೆಯ ತವರಲ್ಲಿ ಅವಳಿಗೆ ಹತ್ತು ವರ್ಷ ಇರಬೇಕು. ಮನೆಯವರೆಲ್ಲ ಹೊಲಕ್ಕೆ ಹೋಗಿದ್ದ ಒಂದು ಮಧ್ಯಾಹ್ನ ಒಬ್ಬಳೇ ಇದ್ದಳು. ಗ್ರಹಣ ಆಗಿ ಹತ್ತು ಹದಿನೈದು ದಿನ ಆಗಿತ್ತು. ಅವತ್ತು ನಿಂತದ್ದು ಇವತ್ತು ನಿಲ್ಲುವುದಿಲ್ಲವಾ ಅಂತ ಒನಕೆ ತಂದು ಪರಾತದಲ್ಲಿ ನಿಲ್ಲಿಸಿದಳು. ಬಹಳ ಹೊತ್ತು ಹಿಡಿಯಿತಂತೆ. "ನಿಂತ್ಕಂತು. ನಂಗ ಅಂಜಿಕಿ ಬಂತು ನೋಡು, ಒದ್ದು ಕೆಡವಿದೆ. ಆಮ್ಯಾಲ ಒನಕಿಗೆ ಕಾಲು ಹತ್ತಿತಲ್ಲ ಅಂತ ಇನ್ನೊಂದು ಅಂಜಿಕಿ. ಮುಟ್ಟಿ ಮುಟ್ಟಿ ನಮಸ್ಕಾರ ಮಾಡಿದೆ."

"ಯಾರಿಗೂ ಹೇಳಲಿಲ್ಲೇನು?"

"ಯಾರಿಗೆ ಹೇಳಲಿ? ನಮ್ಮವ್ವ ಬೆನ್ನು ಮುರಿತಿದ್ಲು."

"ಮತ್ತ ಇಷ್ಟು ವರ್ಷ ನೀನೂ ಗ್ರಹಣದ ದಿನ ನಿಲ್ಲಿಸ್ತಿದ್ದೆಲ್ಲ."

"ನಮ್ಮವ್ವ ನಿಲ್ಲಿಸ್ತಿದ್ಲು, ನಾನೂ ನಿಲ್ಲಿಸ್ತೀನಿ. ಒನಕಿ ಬ್ಯಾರೆ, ದೇವ್ರು ಬ್ಯಾರೆ ತಮ್ಮಾ. ನೀನು ರೊಟ್ಟಿ ತಿನ್ನು, ಆರಿ ಹೊಕ್ಕಾವು."

ನಾನು ಎಂ.ಎಸ್ಸಿ. ಮಾಡಿ, ಬಿ.ಎಡ್. ಮಾಡಿ, ನಲವತ್ತರ ಹತ್ತಿರ ಬಂದು ಕ್ಲಾಸಿನಲ್ಲಿ ಮಾಡಿ ತೋರಿಸಿದ್ದನ್ನು ಅವ್ವ ಹತ್ತನೇ ವಯಸ್ಸಲ್ಲಿ ಒಬ್ಬಳೇ ಮಾಡಿ ಮುಗಿಸಿದ್ದಳು. ಊರೆಲ್ಲ ನಂಬಿದ್ದನ್ನು ಪರೀಕ್ಷೆ ಮಾಡಿ, ಸುಳ್ಳು ಅಂತ ಕಂಡುಕೊಂಡು, ಸುಮ್ಮನಿದ್ದಳು. ದೇವರ ಕೋಣೆಯಲ್ಲಿ ಒಂದು ಎಳೆ ಬತ್ತಿಯೂ ಕಡಿಮೆ ಆಗಲಿಲ್ಲ.

ರಾಹು ಎಲ್ಲಿದ್ದಾನೆ

ವಿಜ್ಞಾನ ಮತ್ತು ದೇವರು ಹೊಂದುತ್ತವೆಯೋ ಇಲ್ಲವೋ ಅಂತ ವಾದ ಮಾಡುವವರು ಎರಡೂ ಕಡೆ ಒಂದೇ ಕೆಲಸ ಮಾಡುತ್ತಾರೆ ಅಂತ ನನಗೆ ಅವತ್ತಿನಿಂದ ಅನ್ನಿಸತೊಡಗಿದೆ. ಒನಕೆಗೂ ದೇವರಿಗೂ ಗಂಟು ಹಾಕುತ್ತಾರೆ. ಒಬ್ಬರು ಒನಕೆ ಬೀಳಿಸಿ ದೇವರೂ ಬಿದ್ದ ಅನ್ನುತ್ತಾರೆ. ನಾನೂ ಇಪ್ಪತ್ತರ ವಯಸ್ಸಲ್ಲಿ ಹೀಗೇ ಮಾತಾಡುತ್ತಿದ್ದೆ, ಹಾಸ್ಟೆಲ್ಲಿನಲ್ಲಿ ರಾತ್ರಿ ಎರಡರ ತನಕ. ಇನ್ನೊಬ್ಬರು ಒನಕೆ ನಿಂತದ್ದಕ್ಕೆ ವೈಜ್ಞಾನಿಕ ಕಾರಣ ಕೊಡುತ್ತಾರೆ. ಈಗ ಇವರ ಕಾಟವೇ ಜಾಸ್ತಿ. ಗ್ರಹಣ ಬಂತೆಂದರೆ ವಾಟ್ಸ್ಆ್ಯಪ್ ತುಂಬ ಇದೇ. ಕರಕಿ ವಿಕಿರಣ ಹೀರುತ್ತದೆ, ಗುರುತ್ವಾಕರ್ಷಣೆ ಬದಲಾಗುವುದಕ್ಕೆ ಒನಕೆ ನಿಲ್ಲುತ್ತದೆ, ನಾಸಾದವರೂ ಒಪ್ಪಿದ್ದಾರೆ. ನಾಸಾದವರಿಗೆ ಒನಕೆ ಕುಟ್ಟಿ ಗೊತ್ತೇ? ಈ ಮೆಸೇಜು ಕಳಿಸುವವರಲ್ಲಿ ನನ್ನ ಜೊತೆ ಕೆಲಸ ಮಾಡುವ ವಿಜ್ಞಾನದ ಮೇಷ್ಟ್ರುಗಳೂ ಇದ್ದಾರೆ. ನನಗೆ ದೇವರ ಮೇಲೆ ನಂಬಿಕೆ ಇದ್ದಿದ್ದರೆ ಇವರ ಮೇಲೇ ಮೊದಲು ಸಿಟ್ಟು ಬರುತ್ತಿತ್ತು. ದೇವರನ್ನು ತಂದು ಎರಡೂವರೆ ಡಿಗ್ರಿ ಮೇಲೆ ನಿಲ್ಲಿಸುತ್ತಾರಲ್ಲ.

ಈ ವಿಷಯದಲ್ಲಿ ಬೆಲ್ಜಿಯಂನ ಜಾರ್ಜ್ ಲೆಮೆತ್ರ್ ನನಗೆ ಇಷ್ಟ. ಅವರು ಕ್ಯಾಥೊಲಿಕ್ ಪಾದ್ರಿ. ವಿಶ್ವ ಹಿಗ್ಗುತ್ತಿದೆ ಅಂತ 1927ರಲ್ಲೇ ಲೆಕ್ಕ ಹಾಕಿ ಬರೆದವರು. ಇವತ್ತು ನಾವು ಮಹಾಸ್ಫೋಟ ಅನ್ನುವ ವಿಚಾರದ ಬೀಜ ಅವರದು. 1951ರಲ್ಲಿ ಪೋಪ್ ಹನ್ನೆರಡನೇ ಪಯಸ್, ಈ ವಿಜ್ಞಾನ ಸೃಷ್ಟಿಕರ್ತನಿಗೇ ಸಾಕ್ಷಿ ಹೇಳುತ್ತಿದೆ ಅನ್ನುವ ಧಾಟಿಯಲ್ಲಿ ಭಾಷಣ ಮಾಡಿದರು. ಖುಷಿಪಡಬೇಕಾಗಿದ್ದ ಪಾದ್ರಿಗೆ ಅದು ಹಿಡಿಸಲೇ ಇಲ್ಲ. ತನ್ನ ಸಿದ್ಧಾಂತ ಧರ್ಮದ ಪ್ರಶ್ನೆಯಿಂದ ಪೂರ್ತಿ ಹೊರಗಿದೆ ಅನ್ನುವುದೇ ಅವರ ನಿಲುವು. ಅವ್ವನಿಗೆ ಲೆಮೆತ್ರ್ ಸಿಕ್ಕಿದ್ದರೆ ಎರಡು ರೊಟ್ಟಿ ಜಾಸ್ತಿ ಹಾಕುತ್ತಿದ್ದಳು.

ಅಷ್ಟು ದೂರ ಯಾಕೆ, ನಮ್ಮ ಪಂಚಾಂಗದ ಒಳಗೇ ಇದೆ. ರಾಹು ಕೇತು ಅಂದರೆ ನಮಗೆ ಹಾವಿನ ಮೈ, ಸೂರ್ಯನನ್ನು ನುಂಗುವ ಬಾಯಿ. ಪಂಚಾಂಗ ಗುಣಿಸುವವನಿಗೆ ಅವು ಎರಡು ಚುಕ್ಕೆ. ಚಂದ್ರನ ದಾರಿ ಸೂರ್ಯನ ದಾರಿಗೆ ಐದು ಡಿಗ್ರಿಯಷ್ಟು ಓರೆ. ಎರಡು ದಾರಿ ಒಂದನ್ನೊಂದು ಎರಡು ಕಡೆ ಕತ್ತರಿಸುತ್ತವೆ. ಒಂದು ಕಡೆ ರಾಹು, ಇನ್ನೊಂದು ಕಡೆ ಕೇತು. ಈ ಚುಕ್ಕೆಗಳು ಹಿಂದು ಹಿಂದಕ್ಕೆ ಸರಿಯುತ್ತ ಹದಿನೆಂಟೂವರೆ ವರ್ಷಕ್ಕೆ ಒಂದು ಸುತ್ತು ಹಾಕುತ್ತವೆ. ಹುಣ್ಣಿಮೆಯೋ ಅಮಾವಾಸ್ಯೆಯೋ ಈ ಚುಕ್ಕೆಗಳ ಹತ್ತಿರ ಬಿದ್ದರೆ ಗ್ರಹಣ. ಚಂದ್ರ ಸೂರ್ಯನನ್ನು ಮುಚ್ಚುತ್ತಾನೆ, ಭೂಮಿಯ ನೆರಳು ಚಂದ್ರನನ್ನು ಮುಚ್ಚುತ್ತದೆ ಅಂತ 499ರಲ್ಲೇ ಆರ್ಯಭಟ ಬರೆದಿದ್ದಾನೆ. ಆ ಲೆಕ್ಕ ಕಲಿತವರೇ ತಲೆತಲಾಂತರದಿಂದ ನಿಮಿಷ ಸಹಿತ ಸ್ಪರ್ಶಕಾಲ, ಮೋಕ್ಷಕಾಲ ಬರೆದು, ಅದೇ ಹಾಳೆಯ ಕೆಳಗೆ ಯಾವ ರಾಶಿಯವರು ಏನು ದಾನ ಕೊಡಬೇಕು ಅಂತಲೂ ಬರೆಯುತ್ತಾ ಬಂದರು.

ಇಂಥವರಲ್ಲಿ ಒಬ್ಬರು ನಮ್ಮ ರಾಯಚೂರಿನ ಹತ್ತಿರವೇ ಬಂದು ಹೋಗಿದ್ದಾರೆ. ಚಿಂತಾಮಣಿ ರಘುನಾಥಾಚಾರಿ. ಪಂಚಾಂಗದ ಮನೆತನ, ಮದ್ರಾಸ್ ವೀಕ್ಷಣಾಲಯದಲ್ಲಿ ನೌಕರಿ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣ ನೋಡಲು ಅವರು ಕೃಷ್ಣೆಯ ಆಚೆ ದಂಡೆಯ ವನಪರ್ತಿಗೆ ತಂಡ ಕಟ್ಟಿಕೊಂಡು ಬಂದಿದ್ದರು. ಅದೇ ಗ್ರಹಣವನ್ನು ಫ್ರಾನ್ಸಿನ ಖಗೋಳ ವಿಜ್ಞಾನಿ ಜಾನ್ಸೆನ್ ಗುಂಟೂರಿನಲ್ಲಿ ನೋಡುತ್ತಿದ್ದರು. ಆ ಗ್ರಹಣದಲ್ಲಿ ಸೂರ್ಯನ ಅಂಚಿನ ಬೆಳಕಿನಲ್ಲಿ ಕಂಡ ಹಳದಿ ಗೆರೆಯೇ ಮುಂದೆ ಹೀಲಿಯಂ ಆಯಿತು. ರಘುನಾಥಾಚಾರಿ ದೂರದರ್ಶಕದಲ್ಲಿ ಕಂಡದ್ದಕ್ಕೆ ತಾಳೆಯಾಗುವ ಹಾಗೆ ಪಂಚಾಂಗವನ್ನು ತಿದ್ದಬೇಕು ಅಂತ ಹಟ ಹಿಡಿದವರು. ತಿದ್ದಿ ದೃಗ್ಗಣಿತ ಪಂಚಾಂಗ ತಂದರು. 1874ರಲ್ಲಿ ಶುಕ್ರ ಸೂರ್ಯನ ಮುಂದೆ ಹಾದು ಹೋದಾಗ ಜನಕ್ಕೆ ತಿಳಿಯಲಿ ಅಂತ ಒಂದು ಸಣ್ಣ ಪುಸ್ತಕ ಬರೆದರು, ಅದು ಕನ್ನಡದಲ್ಲೂ ಬಂತು. ಶಾಸ್ತ್ರ ಬಿಡಲಿಲ್ಲ, ದುರ್ಬೀನೂ ಬಿಡಲಿಲ್ಲ. ಎರಡಕ್ಕೂ ಜಗಳ ಬಂದ ಕಡೆ ದುರ್ಬೀನು ಹೇಳಿದ ಹಾಗೆ ಲೆಕ್ಕ ತಿದ್ದಿದರು.

ಬಾಳೆಹಣ್ಣು

ಇಲ್ಲಿಗೇ ನಿಲ್ಲಿಸಿದ್ದರೆ ಬರಹ ಚೆಂದ ಇರುತ್ತಿತ್ತು. ಒನಕೆ ಬೇರೆ, ದೇವರು ಬೇರೆ, ಎಲ್ಲರೂ ಸುಖವಾಗಿರಿ. ಆದರೆ 2019ರ ಆ ಗ್ರಹಣದ ದಿನ ನಮ್ಮ ಮನೆಯೊಳಗೆ ಆದದ್ದು ಬೇರೆ.

ನನ್ನ ಹೆಂಡತಿಗೆ ಆಗ ಎಂಟನೇ ತಿಂಗಳು. ಗ್ರಹಣ ಬೆಳಿಗ್ಗೆ ಎಂಟರಿಂದ ಹನ್ನೊಂದರ ತನಕ. ಸೂರ್ಯಗ್ರಹಣಕ್ಕೆ ಹನ್ನೆರಡು ತಾಸು ಮೊದಲೇ ವೇಧ ಶುರು. ಅಂದರೆ ಹಿಂದಿನ ರಾತ್ರಿ ಎಂಟರ ಮೇಲೆ ಬಸುರಿ ಹೆಂಗಸು ಏನೂ ತಿನ್ನುವ ಹಾಗಿಲ್ಲ, ಗ್ರಹಣ ಬಿಟ್ಟು ಜಳಕ ಆಗಿ ಹೊಸ ಅಡುಗೆ ಆಗುವ ತನಕ. ಚಾಕು ಮುಟ್ಟಬಾರದು, ಸೂಜಿ ಮುಟ್ಟಬಾರದು, ಮಲಗಿದ ಮಗ್ಗುಲು ಬದಲಿಸಬಾರದು. ಕಿಟಕಿಗೆ ಕಂಬಳಿ ಕಟ್ಟಿದ ಕೋಣೆ. ಗ್ರಹಣ ಇಲ್ಲದೆಯೂ ಒನಕೆ ನಿಲ್ಲುವುದನ್ನು ಹತ್ತನೇ ವಯಸ್ಸಲ್ಲೇ ಕಂಡ ಅದೇ ಅವ್ವ ಇದನ್ನೆಲ್ಲ ನಿಂತು ಮಾಡಿಸಿದಳು. ಒಂದೂ ಬಿಡಲಿಲ್ಲ.

ನಾನು ಅದೇ ವಾರ ಕಾಲೇಜಿನಲ್ಲಿ ಶೂರ. ಮನೆಯಲ್ಲಿ "ಹೋಗ್ಲಿ ಬಿಡು, ಒಂದು ದಿನ ತಾನೇ" ಅಂತ ಹೆಂಡತಿಗೇ ಹೇಳಿದೆ. ಬೆಳಿಗ್ಗೆ ಒಂಬತ್ತಕ್ಕೆ ಅವಳು ಕರೆದಳು. ಬೆವರುತ್ತಿದ್ದಳು. ಕೈ ತಣ್ಣಗಿತ್ತು, ಕಣ್ಣು ಕತ್ತಲೆ ಬರುತ್ತಿದೆ ಅಂದಳು. ಅಡುಗೆ ಮನೆಗೆ ಹೋದರೆ ಎಲ್ಲದರ ಮೇಲೂ ಕರಕಿ. ದೇವರ ಕೋಣೆಯಲ್ಲಿ ಹಿಂದಿನ ದಿನದ ಬಾಳೆಹಣ್ಣಿನ ಚಿಪ್ಪು ಇತ್ತು. ಎರಡು ಕಿತ್ತು ಅಂಗಿಯೊಳಗೆ ಇಟ್ಟುಕೊಂಡು, ಕಳ್ಳನ ಹಾಗೆ, ಸ್ವಂತ ಮನೆಯಲ್ಲಿ, ಹೆಂಡತಿಯ ಕೋಣೆಗೆ ಹೋದೆ. ಕತ್ತಲಲ್ಲಿ ಅವಳು ತಿಂದಳು. ಹತ್ತು ನಿಮಿಷಕ್ಕೆ ಸುಧಾರಿಸಿದಳು. "ಇದನ್ನ ರಾತ್ರಿನೇ ಕೊಟ್ಟಿದ್ರ ಆಗ್ತಿದ್ದಿಲ್ಲೇನ್ರಿ?" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಸಿಪ್ಪೆ ಅವ್ವನ ಕಣ್ಣಿಗೆ ಬಿತ್ತು. ಏನೂ ಅನ್ನಲಿಲ್ಲ. ಫೆಬ್ರವರಿಯಲ್ಲಿ ಮಗಳು ಹುಟ್ಟಿದಳು, ಗುಂಡುಗುಂಡಗೆ, ಎರಡು ಮುಕ್ಕಾಲು ಕಿಲೋ. ಆದರೆ ಕೂಸಿಗೆ ನೆಗಡಿ ಬಂದರೆ, ಹೊಟ್ಟೆ ನೋವು ಅಂದರೆ, ಅಂಗಳದಲ್ಲಿ ಬಿದ್ದು ಮಂಡಿ ಕೆತ್ತಿದರೆ, ಅವ್ವ ಯಾರಿಗೂ ಹೇಳದ ಹಾಗೆ ಗೋಡೆಗೆ ಹೇಳುತ್ತಾಳೆ: "ಅವತ್ತು ಬಾಳಿಹಣ್ಣು ತಿಂದಳಲ್ಲ." ಐದು ವರ್ಷ ಆಯಿತು. ನನ್ನ ಹೆಂಡತಿ ಆ ಮಾತು ಬಂದಾಗಲೆಲ್ಲ ಎದ್ದು ಒಳಗೆ ಹೋಗುತ್ತಾಳೆ.

ಅದೇ ದಿನ ಟಿವಿಯಲ್ಲಿ ಕಲಬುರಗಿ ಕಡೆಯ ಸುದ್ದಿ ಬಂದಿತ್ತು. ಅಂಗವಿಕಲ ಮಕ್ಕಳನ್ನು ವಾಸಿಯಾಗಲಿ ಅಂತ ಗ್ರಹಣದ ಹೊತ್ತಲ್ಲಿ ಕುತ್ತಿಗೆ ತನಕ ತಿಪ್ಪೆ ಮಣ್ಣಲ್ಲಿ ಹೂತಿದ್ದರು. ಅಳುವ ಮಕ್ಕಳ ತಲೆ ಮಾತ್ರ ಕಾಣುತ್ತಿತ್ತು. ಅವ್ವ ನೋಡಿ "ಎಂಥಾ ಮಂದಿಪಾ ಇವ್ರು, ಕೂಸುಗಳು ಅಳಾಕತ್ತಾವು" ಅಂದಳು. ಹೆಂಡತಿ ನನ್ನ ಮುಖ ನೋಡಿದಳು. ನಾನು ಚಾನೆಲ್ ಬದಲಿಸಿದೆ.

ಹುಡುಗ ಕೇಳಿದ ಪ್ರಶ್ನೆಯನ್ನು ನಾನು ಕೇಳುವುದಾದರೆ ಬೇರೆ ಥರ ಕೇಳುತ್ತೇನೆ. ದೇವರಿದ್ದಾನೋ ಇಲ್ಲವೋ ಆಮೇಲೆ ನೋಡೋಣ. ಈ ಆಚಾರದ ತೂಕ ಯಾರ ಮೈಮೇಲೆ ಬೀಳುತ್ತಿದೆ? ಅವ್ವ ತಾನು ಉಪವಾಸ ಕೂತರೆ ನನ್ನದೇನೂ ತಕರಾರಿಲ್ಲ. ಸೊಸೆಯನ್ನು ಕೂರಿಸಿದಾಗ ಇತ್ತು, ಇರಬೇಕಿತ್ತು, ಹೇಳಬೇಕಿತ್ತು. ಅವತ್ತು ಸೋತಿದ್ದು ವಿಜ್ಞಾನವೂ ಅಲ್ಲ, ದೇವರೂ ಅಲ್ಲ, ನಾನು.

ಹತ್ತೊಂಬತ್ತನೇ ಗೇಟು

ಇನ್ನೊಂದು ಹೇಳಿಬಿಡುತ್ತೇನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ ಹತ್ತೊಂಬತ್ತನೇ ಗೇಟಿನ ಚೈನು ಕಡಿದದ್ದು ಈ ಭಾಗದಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಡ್ಯಾಮು ತುಂಬಿತ್ತು. ನಮ್ಮದು ಎಡದಂಡೆ ಕಾಲುವೆಯ ಕೆಳಗೆ ಆರು ಎಕರೆ ಭತ್ತ, ಆಗಷ್ಟೇ ನಾಟಿ ಮುಗಿದಿತ್ತು. ಆ ಒಂದು ವಾರ ಸಿಂಧನೂರಿನಲ್ಲಿ ಚಹಾದ ಅಂಗಡಿಯಿಂದ ಗೊಬ್ಬರದ ಅಂಗಡಿ ತನಕ ಎಲ್ಲರ ಬಾಯಲ್ಲೂ ಟಿಎಂಸಿ ಲೆಕ್ಕ. ಡ್ಯಾಮಿನ ಗೇಟುಗಳ ತಜ್ಞ, ಎಂಬತ್ತರ ಹತ್ತಿರದ ಕನ್ನಯ್ಯ ನಾಯ್ಡು ಬಂದು, ನೀರು ಹರಿಯುತ್ತಿರುವಾಗಲೇ ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್, ಅಂದರೆ ತಾತ್ಕಾಲಿಕ ತಡೆ, ಇಳಿಸಬಹುದು ಅಂದರು. ಒಂದೊಂದೇ ತುಂಡು ಇಳಿಸಿ, 17ಕ್ಕೆ ನೀರು ನಿಲ್ಲಿಸಿಬಿಟ್ಟರು.

ಅವ್ವ ಏಳು ದಿನವೂ ಹುಲಿಗೆಮ್ಮನ ಫೋಟೋ ಮುಂದೆ ದೀಪ ಆರದ ಹಾಗೆ ನೋಡಿಕೊಂಡಿದ್ದಳು. ಹುಲಿಗೆಮ್ಮ ಇರುವುದೂ ಮುನಿರಾಬಾದಿನ ಹತ್ತಿರ, ಡ್ಯಾಮಿನ ಮಗ್ಗುಲಲ್ಲೇ. ನೀರು ನಿಂತ ಸುದ್ದಿ ಬಂದಾಗ ಸುಮ್ನೆ ಕೆಣಕಿದೆ.

"ಗೇಟು ಮುಚ್ಚಿದ್ದು ಯಾರು ಬೇ? ಹುಲಿಗೆಮ್ಮನೋ, ನಾಯ್ಡು ಅವ್ರೋ?"

ನನ್ನನ್ನು ದಡ್ಡನ ಹಾಗೆ ನೋಡಿದಳು. "ಆ ಯಪ್ಪ ಮುಚ್ಚಿದ. ಹುಲಿಗೆಮ್ಮ ಗೇಟು ಹಾಕಾಕ ಬರ್ತಾಳೇನು?"

"ಮತ್ತ ಏಳು ದಿನ ದೀಪ ಯಾಕ ಹಚ್ಚಿದಿ?"

"ಅಂಜಿದ್ದೆನಲ್ಲೋ."

ನಾನು ಕೆಣಕಲು ಹೋಗಿದ್ದೆ, ಮುಂದೆ ಮಾತೇ ಬರಲಿಲ್ಲ. ಆ ಏಳು ದಿನ ನನಗೂ ಅಂಜಿಕೆ ಇತ್ತು. ನನ್ನ ಹತ್ತಿರ ಅದನ್ನು ಇಡಲು ಮೊಬೈಲು ಬಿಟ್ಟರೆ ಬೇರೆ ಜಾಗ ಇರಲಿಲ್ಲ. ನಿಮಿಷಕ್ಕೊಮ್ಮೆ ಒಳಹರಿವು, ಹೊರಹರಿವು ನೋಡುತ್ತಿದ್ದೆ. ನೋಡಿದ್ದರಿಂದ ಒಂದು ಕ್ಯೂಸೆಕ್ಕೂ ಕಡಿಮೆ ಆಗಲಿಲ್ಲ.

ಭಾನುವಾರ ರಾತ್ರಿ

ಮತ್ತೆ ಆ ಚಂದ್ರಗ್ರಹಣದ ರಾತ್ರಿಗೆ ಬರುತ್ತೇನೆ. ಮೋಡ ಇತ್ತು. ಹತ್ತು ಗಂಟೆಗೆ ಮಗಳನ್ನು ಹೆಗಲ ಮೇಲೆ ಹೊತ್ತು ಮಾಳಿಗೆ ಹತ್ತಿದೆ. ಈ ಸಲ ಮಗಳಿಗೆ ಊಟ ಮಾಡಿಸಿಯೇ ಕರೆದುಕೊಂಡು ಬಂದಿದ್ದೆವು. ಸಂಜೆ ನಾನೇ ಅವ್ವನ ಮುಂದೆ ನಿಂತು ಹೇಳಿದ್ದೆ. ಕೂಸು ಉಂಡು ಮಲಗುತ್ತದೆ, ಎದ್ದರೆ ಹಾಲು ಕುಡಿಯುತ್ತದೆ, ನಾನೇ ಕುಡಿಸುತ್ತೇನೆ. ಆರು ವರ್ಷ ತಡವಾಗಿ ಹೇಳಿದ ಮಾತು. ಅವ್ವ "ನಿಮ್ಮ ಕೂಸು, ನಿಮ್ಮಿಷ್ಟ" ಅಂದು ಜಪಮಣಿ ಹಿಡಿದು ಒಳಗೆ ಕೂತಳು. ಸಿಟ್ಟಿತ್ತು. ಇರಲಿ.

ಮೋಡ ಸರಿದಾಗ ಚಂದ್ರನ ಅಂಚು ಕಚ್ಚಿದ ಹಾಗಿತ್ತು. ಹನ್ನೊಂದಕ್ಕೆ ಪೂರ್ತಿ ಕೆಂಪಾದ. ಮಗಳು "ಅಪ್ಪಾ, ಯಾರ್ ಬಣ್ಣ ಹಚ್ಚಿದ್ರು?" ಅಂದಳು. ಹೊತ್ತು ಹುಟ್ಟುವ ಊರುಗಳ, ಮುಳುಗುವ ಊರುಗಳ ಕಥೆ ಹೇಳಿದೆ. ನಡುವೆಯೇ ನಿದ್ದೆ ಹೋದಳು. ಹೆಂಡತಿ ಬಂದು ಎತ್ತಿಕೊಂಡು ಹೋದಳು. ನಾನು ಒಬ್ಬನೇ ಕೂತೆ. ಓಣಿಯಲ್ಲಿ ಒಂದು ಲೈಟೂ ಇರಲಿಲ್ಲ. ಎಲ್ಲರ ಬಾಗಿಲೂ ಹಾಕಿತ್ತು.

ಒಂದು ಗಂಟೆ ದಾಟಿತು. ಮೆಟ್ಟಿಲ ಕೆಳಗಿನಿಂದ ಅವ್ವನ ಧ್ವನಿ.

"ತಮ್ಮಾ, ಬಿಡ್ತೇನು?"

"ಇನ್ನಾ ಸ್ವಲ್ಪ ಐತಿ ಬೇ. ಒಂದು ಇಪ್ಪತ್ತಾರಕ್ಕ ಬಿಡ್ತೈತಿ."

"ಯಾರು ಹೇಳಿದ್ರು?"

"ಮೊಬೈಲ್‌ನಾಗ ಐತಿ."

ಸ್ವಲ್ಪ ಹೊತ್ತು ಸದ್ದಿಲ್ಲ. ಪಂಚಾಂಗದ ಹಾಳೆ ತಿರುವುವ ಸಪ್ಪಳ. "ಇದ್ರಾಗೂ ಒಂದು ಇಪ್ಪತ್ತಾರ ಐತಿ. ನಿನ್ನ ಮೊಬೈಲ್ ಸರಿ ಐತಿ ಬಿಡು."

ಗ್ರಹಣ ಬಿಟ್ಟಿತು. ಕೆಳಗೆ ಇಳಿದು ಬಂದು ಬಕೆಟ್ ತುಂಬಿಸಿ ಹೀಟರ್ ಕಾಯಿಲ್ ಹಾಕಿದೆ. ಎಪ್ಪತ್ತರ ಮುದುಕಿ ರಾತ್ರಿ ಒಂದೂವರೆಗೆ ತಣ್ಣೀರು ಸುರಿದುಕೊಂಡರೆ ನಾಳೆ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗಬೇಕಲ್ಲ. ಅವ್ವ ಜಳಕ ಮುಗಿಸಿ, ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಬಂದು ಹೇಳಿದಳು.

"ಇನ್ನೊಂದು ಬಕೆಟ್ ಕಾಯ್ದಾವು. ಸುಮ್ನೆ ಚೆಲ್ಲಬೇಕಾಕ್ಕೈತಿ."

ಮಾಳಿಗೆಯ ಮೇಲೆ ಮೂರು ತಾಸು ಕೂತು ಮೈಯೆಲ್ಲ ಇಬ್ಬನಿ ಹಿಡಿದಿತ್ತು. ನೀರು ಬಿಸಿ ಇತ್ತು. ನಾನೂ ಮಾಡಿದೆ.